ಮೂವತ್ತು ದಾಟಿದ ಮೇಲೆ ಗಿಟಾರ್: ಮನೆಯಲ್ಲೇ ಕಲಿಯುವವರಿಗೆ ಮೊದಲ ಮೂರು ತಿಂಗಳು

"ನನಗೆ ನಲವತ್ತೆರಡು. ಈಗ ಬೆರಳು ಬಗ್ಗುತ್ತವಾ?" "ಕಲಬುರಗಿಯಲ್ಲಿ ನನ್ನ ಡ್ಯೂಟಿ ಟೈಮಿಗೆ ಹೊಂದುವ ಕ್ಲಾಸ್ ಸಿಗಲಿಲ್ಲ. ಯೂಟ್ಯೂಬ್ ನೋಡಿ ಕಲಿಯಬಹುದಾ?" "ಗಿಟಾರ್ ತಂದು ಎರಡು ವರ್ಷ ಆಯ್ತು, ಅಲ್ಮಾರಿ ಮೇಲೆ ಕೂತಿದೆ. ಮತ್ತೆ ಎಲ್ಲಿಂದ ಶುರು ಮಾಡಲಿ?"

ಈ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಒಬ್ಬೊಬ್ಬರಿಗೆ ತುಂಡು ತುಂಡಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ನಾನೂ ಮೂವತ್ತೆಂಟಕ್ಕೆ ಶುರು ಮಾಡಿದವನು, ಇದೇ ಕಲಬುರಗಿಯಲ್ಲಿ, ಮೊಬೈಲ್ ಮುಂದಿಟ್ಟುಕೊಂಡೇ.

ಕಲಿಯಬಹುದು. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಎದುರು ಕೂತು ಕಲಿಸುವ ಮಾಸ್ತರರು ಎರಡು ಕೆಲಸ ಮಾಡುತ್ತಾರೆ: ತೋರಿಸುತ್ತಾರೆ, ತಿದ್ದುತ್ತಾರೆ. ವಿಡಿಯೊ ಮೊದಲನೆಯದನ್ನು ಬಹಳ ಚೆನ್ನಾಗಿ ಮಾಡುತ್ತದೆ. ಎರಡನೆಯದನ್ನು ಮಾಡುವುದೇ ಇಲ್ಲ. ನಿಮ್ಮ ಬೆರಳು ಪಕ್ಕದ ತಂತಿಗೆ ತಾಗಿ ನಾದ ಸತ್ತಿದ್ದರೂ ಅದು ಮುಂದಿನ ಪಾಠಕ್ಕೆ ಹೋಗಿಬಿಡುತ್ತದೆ. ಆ ತಿದ್ದುವ ಕೆಲಸಕ್ಕೆ ನೀವೇ ಒಂದು ವ್ಯವಸ್ಥೆ ಮಾಡಿಕೊಳ್ಳಬೇಕು. ಅದಕ್ಕೇ ಕೆಳಗಿನ ಪ್ರತಿ ಹಂತದಲ್ಲೂ ತಪ್ಪನ್ನು ಹೇಗೆ ಹಿಡಿಯಬೇಕು ಅನ್ನುವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

1. ಗಿಟಾರ್ ತರುವುದು

ಹಾಡಿನ ಜೊತೆ ನುಡಿಸುವ ಆಸೆ ಇದ್ದರೆ ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರ್ ಸಾಕು. ಕರೆಂಟ್ ಬೇಡ, ಆಂಪ್ಲಿಫೈಯರ್ ಬೇಡ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಬೆರಳಿಗೆ ಮೆತ್ತಗೆ, ಆದರೆ ಅದರ ಕುತ್ತಿಗೆ ಅಗಲ. ಸಣ್ಣ ಕೈಯವರಿಗೆ ಬೆರಳು ಚಾಚಲು ಕಷ್ಟವಾಗುತ್ತದೆ. ಮೈಕಟ್ಟು ಚಿಕ್ಕದಿದ್ದರೆ ಸ್ಟೀಲ್ ತಂತಿಯಲ್ಲೇ ಚಿಕ್ಕ ಹೊಟ್ಟೆಯ ಗಿಟಾರ್ ಕೇಳಿ. ದೊಡ್ಡದನ್ನು ತಬ್ಬಿ ಕೂತರೆ ಬಲ ಹೆಗಲು ಹತ್ತು ನಿಮಿಷಕ್ಕೇ ನೋಯುತ್ತದೆ.

ಎರಡು–ಮೂರು ಸಾವಿರದ ಗಿಟಾರ್‌ಗಳಲ್ಲೂ ಒಳ್ಳೆಯದು ಸಿಗಬಹುದು, ಆದರೆ ಅದು ಅದೃಷ್ಟದ ಮಾತು. ಕೈಲಾದರೆ ಸ್ವಲ್ಪ ಕೂಡಿಟ್ಟು ಯಮಹಾ ಎಫ್280 ಅಥವಾ ಎಫ್310ರಂಥದ್ದನ್ನು ತನ್ನಿ. ಬಹಳ ಮಂದಿ ಅದರಿಂದಲೇ ಶುರು ಮಾಡುತ್ತಾರೆ. ಬೇಡವಾದರೆ ಮಾರುವುದೂ ಸುಲಭ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೇಗೂ ಹೋಗುವವರಿದ್ದರೆ ಅಲ್ಲಿನ ಅಂಗಡಿಯಲ್ಲಿ ನಾಲ್ಕಾರು ಗಿಟಾರ್ ಹಿಡಿದು ನೋಡಿ. ಬೀದರಿನವರಿಗಂತೂ ಹೈದರಾಬಾದ್ ಹತ್ತಿರ.

ಗಿಟಾರ್ ಜೊತೆ ಬೇಕಾದದ್ದು ಇಷ್ಟೇ: ತೆಳ್ಳನೆಯ ಎರಡು ಪಿಕ್ (ತಂತಿ ಮೀಟುವ ಪ್ಲಾಸ್ಟಿಕ್ ಚೂರು, 0.5ರಿಂದ 0.7 ಮಿಲಿಮೀಟರ್ ದಪ್ಪದ್ದು), ಟ್ಯೂನರ್ (ತಂತಿಯ ಶ್ರುತಿ ಸರಿಯಿದೆಯಾ ತೋರಿಸುವುದು, ಮೊಬೈಲ್ ಆ್ಯಪ್ ಆದರೂ ಸರಿ), ಒಂದು ಕ್ಯಾಪೊ, ಒಂದು ಚೀಲ. ಕ್ಯಾಪೊ ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್. ಅದು ಕೊನೆಯ ಹಂತದಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

2. ತಂತಿಯ ಎತ್ತರ ನೋಡುವುದು: ಇದನ್ನು ಬಿಟ್ಟು ಮುಂದೆ ಹೋಗಬೇಡಿ

ಗಿಟಾರ್ ಬಿಟ್ಟವರಲ್ಲಿ ಹೆಚ್ಚಿನವರು "ನನ್ನ ಬೆರಳಿಗೆ ಶಕ್ತಿ ಸಾಲದು" ಅನ್ನುತ್ತಾರೆ. ಗಿಟಾರ್ ತೆಗೆದು ನೋಡಿದರೆ ತಂತಿಗಳು ಕುತ್ತಿಗೆಯಿಂದ ಅರ್ಧ ಬೆರಳು ಮೇಲಿರುತ್ತವೆ. ನನ್ನ ಮೊದಲ ಗಿಟಾರ್ ಕೂಡ ಹಾಗೇ ಇತ್ತು. ಅಂಗಡಿಯವರು "ಹೊಸದು ಹೀಗೇ ಇರುತ್ತೆ, ಬೆರಳು ಪಳಗಲಿ" ಅಂದರು. ನಂಬಿದೆ. ಎಂಟು ತಿಂಗಳು ಹಾಳಾಯಿತು.

ಈ ಎತ್ತರಕ್ಕೆ ಆಕ್ಷನ್ ಅನ್ನುತ್ತಾರೆ. ಅಳೆಯಲು ಮನೆಯಲ್ಲಿರುವ ಎಟಿಎಂ ಕಾರ್ಡುಗಳೇ ಸಾಕು. ಅಕ್ಷರ ಉಬ್ಬಿಲ್ಲದ ಒಂದು ಕಾರ್ಡ್ ಸುಮಾರು 0.76 ಮಿಲಿಮೀಟರ್ ದಪ್ಪ ಇರುತ್ತದೆ. ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್‌ಗಳು. ತಲೆಯ ಕಡೆಯಿಂದ ಎಣಿಸಿ ಹನ್ನೆರಡನೇ ಫ್ರೆಟ್‌ಗೆ ಬನ್ನಿ, ಅಲ್ಲಿ ಸಾಮಾನ್ಯವಾಗಿ ಎರಡು ಚುಕ್ಕೆ ಇರುತ್ತವೆ. ಆ ಪಟ್ಟಿಯ ಮೇಲೆ, ಅತಿ ದಪ್ಪ ತಂತಿಯ ಕೆಳಗೆ ಕಾರ್ಡುಗಳನ್ನು ತೂರಿಸಿ. ಮೂರು ಕಾರ್ಡು ತಂತಿಯನ್ನು ಎತ್ತದೆ ಸರಿಯಾಗಿ ಕೂತರೆ ಚಲೋ ಇದೆ. ನಾಲ್ಕು ಕಾರ್ಡು ಹೋಗಿ ಇನ್ನೂ ಜಾಗ ಉಳಿದರೆ ತಂತಿ ಎತ್ತರ ಜಾಸ್ತಿ ಅಂತಲೇ ಅರ್ಥ.

ಜಾಸ್ತಿ ಇದ್ದರೆ ಗಿಟಾರ್ ರಿಪೇರಿ ಗೊತ್ತಿರುವವರ ಕೈಯಲ್ಲಿ ಸೆಟಪ್ ಮಾಡಿಸಿ. ಹೊಟ್ಟೆಯ ಮೇಲೆ ತಂತಿಗಳು ಕೂರುವ ಬಿಳಿ ಪಟ್ಟಿಯನ್ನು ತಳದಿಂದ ಉಜ್ಜಿ ಇಳಿಸುತ್ತಾರೆ. ಕುತ್ತಿಗೆ ಬಾಗಿದ್ದರೆ ಒಳಗಿನ ಕಬ್ಬಿಣದ ಸರಳನ್ನು ತಿರುಗಿಸಿ ಸರಿಮಾಡುತ್ತಾರೆ. ಆ ಸರಳನ್ನು ನೀವೇ ತಿರುಗಿಸಲು ಹೋಗಬೇಡಿ, ಜಾಸ್ತಿ ಬಿಗಿಯಾದರೆ ಕುತ್ತಿಗೆಯೇ ಹೋಗುತ್ತದೆ. ಅದೇ ಹೊತ್ತಿಗೆ ತೆಳ್ಳನೆಯ ತಂತಿ ಹಾಕಿಸಿ. ಅಂಗಡಿಯಲ್ಲಿ "ಹತ್ತರ ಸೆಟ್" ಅಥವಾ "ಹನ್ನೊಂದರ ಸೆಟ್" ಅಂದರೆ ಗೊತ್ತಾಗುತ್ತದೆ.

3. ಒಂದೇ ಕೋರ್ಸ್ ಹಿಡಿಯುವುದು

ಬಿಡಿ ವಿಡಿಯೊ ಬೇರೆ, ಕೋರ್ಸ್ ಬೇರೆ. ಕೋರ್ಸ್ ಅಂದರೆ ಒಬ್ಬರೇ, ಒಂದು ಕ್ರಮದಲ್ಲಿ, ಹಿಂದಿನದು ಬಂದಿದೆ ಅಂದುಕೊಂಡು ಮುಂದಿನದನ್ನು ಹೇಳಿಕೊಡುವುದು. ದಿನಕ್ಕೊಬ್ಬರ ವಿಡಿಯೊ ನೋಡಿದರೆ ನೋಡಿದ್ದು ಬೆಟ್ಟದಷ್ಟಾಗುತ್ತದೆ, ಕೈಗೆ ಏನೂ ಬಂದಿರುವುದಿಲ್ಲ.

ಇಂಗ್ಲಿಷ್ ತಿಳಿಯುವವರಿಗೆ ನಾನು ಹೇಳುವುದು ಜಸ್ಟಿನ್ ಗಿಟಾರ್ ವೆಬ್‌ಸೈಟ್. ಆಸ್ಟ್ರೇಲಿಯಾದ ಜಸ್ಟಿನ್ ಸ್ಯಾಂಡರ್ಕೊ ಕಲಿಸುತ್ತಾರೆ. ಹೊಸಬರ ಕೋರ್ಸ್ ಪುಕ್ಕಟೆ. ಮಾತು ನಿಧಾನ, ಹೊಸಬರಿಗೆ ಏನು ಕಷ್ಟ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಇಂಗ್ಲಿಷ್ ಬೇಡ ಅನ್ನುವವರಿಗೆ ಹಿಂದಿಯಲ್ಲಿ ಬೇಕಾದಷ್ಟಿವೆ. ನಮ್ಮ ಕಡೆಯವರಿಗೆ ಹಿಂದಿ, ಉರ್ದು ಹುಟ್ಟಿದಾಗಿನಿಂದ ಕಿವಿಗೆ ಬಿದ್ದದ್ದೇ ಅಲ್ವಾ. ಕನ್ನಡದಲ್ಲೂ ಕಲಿಸುವವರಿದ್ದಾರೆ. ಯಾರದಾದರೂ ಸರಿ, ಎರಡು ಪರೀಕ್ಷೆ ಮಾಡಿ: ಪಾಠಗಳಿಗೆ ನಂಬರ್ ಇದೆಯಾ? ಎಡಗೈ ಬೆರಳುಗಳನ್ನು ಹತ್ತಿರದಿಂದ ತೋರಿಸುತ್ತಾರಾ? ಎರಡೂ ಇದ್ದರೆ ಮೂರು ತಿಂಗಳು ಅಲ್ಲೇ ಇರಿ.

ಇಲ್ಲಿ ಎಲ್ಲರೂ ಎಡವುವ ಜಾಗ ಎರಡಿವೆ. ವಿಡಿಯೊದಲ್ಲಿ ಕಲಿಸುವವರು ನಿಮ್ಮ ಎದುರಿಗೆ ಕೂತಿರುತ್ತಾರೆ. ಅವರ ಎಡಗೈ ನಿಮಗೆ ಬಲಗಡೆ ಕಾಣುತ್ತದೆ. ಕನ್ನಡಿ ನೋಡಿದಂತೆ ನಕಲು ಮಾಡಿದರೆ ತಂತಿ ತಲೆಕೆಳಗಾಗುತ್ತದೆ. ಆದ್ದರಿಂದ "ಮೇಲಿನ ತಂತಿ, ಕೆಳಗಿನ ತಂತಿ" ಅನ್ನುವ ಲೆಕ್ಕ ಬಿಟ್ಟು ನಂಬರ್ ಹಿಡಿಯಿರಿ. ಅತಿ ತೆಳ್ಳನೆಯದು ಒಂದನೇ ತಂತಿ, ಅತಿ ದಪ್ಪದ್ದು ಆರನೇ ತಂತಿ.

ಇನ್ನೊಂದು, ಚಿತ್ರಗಳದು. ಕಾರ್ಡ್ (chord) ಅಂದರೆ ಹಲವು ಸ್ವರ ಒಟ್ಟಿಗೆ ನುಡಿಸುವುದು, ಎಟಿಎಂ ಕಾರ್ಡ್ ಅಲ್ಲ. ಅದನ್ನು ಹಿಡಿಯುವ ಬಗೆ ತೋರಿಸುವ ಚಿತ್ರದಲ್ಲಿ ಎಡತುದಿಯ ಉದ್ದಗೆರೆ ಆರನೇ ತಂತಿ. ಟ್ಯಾಬ್‌ನಲ್ಲಿ, ಅಂದರೆ ಆರು ಅಡ್ಡಗೆರೆ ಎಳೆದು ಫ್ರೆಟ್ ನಂಬರ್ ಬರೆಯುವ ಪದ್ಧತಿಯಲ್ಲಿ, ಮೇಲಿನ ಗೆರೆ ಒಂದನೇ ತಂತಿ. ಒಂದು ಚೀಟಿಯಲ್ಲಿ ಬರೆದು ಕಣ್ಣಿಗೆ ಬೀಳುವಂತೆ ಅಂಟಿಸಿಕೊಳ್ಳಿ.

4. ಕೂರುವುದು, ಶ್ರುತಿ ಮಾಡುವುದು

ಕೈ ಇರುವ ಪ್ಲಾಸ್ಟಿಕ್ ಕುರ್ಚಿ ಬೇಡ, ಗಿಟಾರ್ ಅದಕ್ಕೆ ತಾಗುತ್ತದೆ. ಮಂಚವೂ ಬೇಡ, ಬೆನ್ನು ಗೂನಾಗುತ್ತದೆ. ಕೈ ಇಲ್ಲದ ಕುರ್ಚಿಯಲ್ಲಿ ಎರಡೂ ಪಾದ ನೆಲಕ್ಕೆ ಊರಿ ಕೂರಿ. ಎಡಗೈ ಉಗುರು ಪೂರಾ ಕತ್ತರಿಸಿ. ಬಲಗೈಗೆ ಬಳೆ ಇದ್ದರೆ ಅಷ್ಟು ಹೊತ್ತು ತೆಗೆದಿಡಿ.

ತಂತಿಗಳ ಸ್ವರ ದಪ್ಪದಿಂದ ತೆಳುವಿಗೆ: ಇ, ಎ, ಡಿ, ಜಿ, ಬಿ, ಇ. ಮೊಬೈಲ್‌ನಲ್ಲಿ "ಗಿಟಾರ್ ಟ್ಯೂನಾ" ಅನ್ನುವಂಥ ಆ್ಯಪ್ ಹಾಕಿಕೊಂಡರೆ ಆಯಿತು. ಆದರೆ ಶ್ರುತಿ ಮಾಡುವಾಗ ಕೂಲರ್ ಬಂದ್ ಮಾಡಿ. ಅದರ ಸದ್ದಿನಲ್ಲಿ ಆ್ಯಪ್‌ನ ಮುಳ್ಳು ಅತ್ತಿಂದಿತ್ತ ಓಡಾಡುತ್ತದೆ. ಬೇಸಿಗೆಯಲ್ಲಿ ಕೂಲರ್ ಬಂದ್ ಮಾಡಲು ಆಗದ ಮನೆಗಳಲ್ಲಿ ಗಿಟಾರ್ ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ತನ್ನಿ. ಅದು ಮರದ ಅದುರನ್ನು ಹಿಡಿಯುತ್ತದೆ, ಗಾಳಿಯ ಸದ್ದನ್ನಲ್ಲ.

ತಿರುಪು ತಿರುಗಿಸುವಾಗ ತಂತಿ ಮೀಟುತ್ತಲೇ ಇರಿ. ಎಷ್ಟು ತಿರುಗಿಸಿದರೂ ಸ್ವರ ಏರುತ್ತಿಲ್ಲ ಅಂದರೆ ಬೇರೆ ತಂತಿಯ ತಿರುಪು ಹಿಡಿದಿದ್ದೀರಿ. ತಕ್ಷಣ ನಿಲ್ಲಿಸಿ. ಒಂದನೇ ತಂತಿ ಪಟ್ ಅಂತ ಹರಿಯುವುದು ಹೆಚ್ಚಾಗಿ ಹೀಗೇ.

5. ಮೊದಲ ಹದಿನೈದು ದಿನ: ಒಂದೊಂದೇ ತಂತಿ ಕೇಳುವುದು

ಹಾರ್ಮೋನಿಯಂನಲ್ಲಿ ಸ–ಗ–ಪ ಮೂರನ್ನೂ ಒಟ್ಟಿಗೆ ಒತ್ತಿದರೆ ಏನು ಕೇಳುತ್ತದೋ ಅದೇ ಕಾರ್ಡ್. ಆ ಗ ಕೋಮಲವಾದರೆ ಮೈನರ್ ಕಾರ್ಡ್. ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು.

ಇ ಮೈನರ್‌ನಿಂದ ಶುರು ಮಾಡಿ. ಐದನೇ ಮತ್ತು ನಾಲ್ಕನೇ ತಂತಿಯನ್ನು ಎರಡನೇ ಫ್ರೆಟ್‌ನಲ್ಲಿ, ನಡುಬೆರಳು ಮತ್ತು ಉಂಗುರ ಬೆರಳಿನಿಂದ ಒತ್ತುವುದು. ಎರಡೇ ಬೆರಳು. ಆಮೇಲೆ ಎ, ಡಿ, ಇ. ನಿಮ್ಮ ಕೋರ್ಸ್ ಬೇರೆ ಕ್ರಮ ಹೇಳಿದರೆ ಅದನ್ನೇ ಹಿಡಿಯಿರಿ.

ಬೆರಳನ್ನು ಪಟ್ಟಿಯ ಮೇಲೆ ಇಡಬೇಡಿ, ತೀರ ದೂರವೂ ಬೇಡ. ಪಟ್ಟಿಗೆ ಇನ್ನೇನು ತಾಗಬೇಕು ಅನ್ನುವಷ್ಟು ಹಿಂದೆ (ಗಿಟಾರ್ ತಲೆಯ ಕಡೆ) ಇಡಿ. ಅಲ್ಲಿ ಅರ್ಧ ಬಲಕ್ಕೇ ನಾದ ಬರುತ್ತದೆ. ಬೆರಳಿನ ತುದಿ ತಂತಿಗೆ ನೇರ ನಿಲ್ಲಬೇಕು, ಮಲಗಬಾರದು.

ಈಗ ತಿದ್ದುವ ಕೆಲಸ. ಕಾರ್ಡ್ ಹಿಡಿದು ಎಲ್ಲ ತಂತಿಯನ್ನೂ ಒಟ್ಟಿಗೆ ಬಾರಿಸಬೇಡಿ. ಆರನೆಯದರಿಂದ ಒಂದೊಂದೇ ಮೀಟಿ, ಕೇಳಿ. ಯಾವುದೋ ಒಂದು "ಟಪ್" ಅಂತ ಸತ್ತ ಸದ್ದು ಕೊಡುತ್ತದೆ. ಅಲ್ಲಿ ಕಣ್ಣು ಹಾಯಿಸಿದರೆ ಪಕ್ಕದ ಬೆರಳಿನ ಹೊಟ್ಟೆ ಆ ತಂತಿಗೆ ಸವರುತ್ತಿರುತ್ತದೆ. ಉದಾಹರಣೆಗೆ ಡಿ ಕಾರ್ಡಿನಲ್ಲಿ ಎರಡನೇ ತಂತಿಯ ಮೇಲಿರುವ ಉಂಗುರ ಬೆರಳು ಸ್ವಲ್ಪ ವಾಲಿದರೂ ಒಂದನೇ ತಂತಿ ಸಾಯುತ್ತದೆ. ಬಲ ಹಾಕಬೇಡಿ. ಮಣಿಕಟ್ಟನ್ನು ಒಂದಿಷ್ಟು ಮುಂದೆ ತನ್ನಿ, ಹೆಬ್ಬೆರಳನ್ನು ಕುತ್ತಿಗೆಯ ಹಿಂದೆ ಸ್ವಲ್ಪ ಕೆಳಗಿಳಿಸಿ. ಬೆರಳು ತಾನಾಗಿ ನೇರವಾಗುತ್ತದೆ, ತಂತಿ ಬಾಯಿ ಬಿಡುತ್ತದೆ.

ತುದಿಬೆರಳು ಉರಿಯುತ್ತವೆ, ಗೆರೆ ಬೀಳುತ್ತದೆ. ಇದು ಸಹಜ. ಒಲೆ ಮೇಲಿನ ರೊಟ್ಟಿ ಬರಿಗೈಯಲ್ಲಿ ತಿರುವುವ ನಮ್ಮ ಹೆಣ್ಣುಮಕ್ಕಳ ಬೆರಳು ನೋಡಿದ್ದೀರಲ್ಲ? ಚರ್ಮ ಹಾಗೆಯೇ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತದೆ. ಮೂರ್ನಾಲ್ಕು ವಾರ ಕೊಡಿ. ಆದರೆ ಮಣಿಕಟ್ಟು ಅಥವಾ ಹೆಬ್ಬೆರಳ ಬುಡ ನೋವಾದರೆ ಅದು ಸಹಜ ಅಲ್ಲ, ಆ ದಿನ ನಿಲ್ಲಿಸಿ. ಶುಗರ್ ನೋಡಲು ಬೆರಳು ಚುಚ್ಚಿಕೊಳ್ಳುವವರು ಇನ್ನು ಮುಂದೆ ಬಲಗೈ ಬೆರಳನ್ನೇ ಬಳಸಿ. ಬೆರಳಲ್ಲಿ ಜೋಮು ಇರುವವರು ಶುರು ಮಾಡುವ ಮುಂಚೆ ಡಾಕ್ಟರನ್ನು ಕೇಳಿ, ಯಾಕೆಂದರೆ ಗಾಯವಾದರೂ ನಿಮಗೆ ತಿಳಿಯದೆ ಹೋಗಬಹುದು.

6. ಮೂರನೇ ವಾರದಿಂದ: ಒಂದು ನಿಮಿಷದ ಅಭ್ಯಾಸ

ಕಾರ್ಡ್ ಹಿಡಿಯುವುದು ಬಂದರೂ ಹಾಡು ಬರುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಕೈ ತಡವರಿಸುತ್ತದೆ. ಇದಕ್ಕೆ ಜಸ್ಟಿನ್ ಹೇಳಿಕೊಡುವ ಒಂದು ಅಭ್ಯಾಸಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಎರಡು ಕಾರ್ಡ್ ಆರಿಸಿ, ಮೊಬೈಲ್‌ನಲ್ಲಿ ಒಂದು ನಿಮಿಷ ಇಡಿ. ಎ, ಡಿ, ಎ, ಡಿ ಅಂತ ಬದಲಿಸುತ್ತಾ ಎಷ್ಟು ಸಲ ಆಯಿತು ಎಣಿಸಿ. ಕ್ಯಾಲೆಂಡರ್‌ನ ಆ ದಿನದ ಮನೆಯಲ್ಲಿ ಸಂಖ್ಯೆ ಬರೆಯಿರಿ.

ಮೊದಲ ದಿನ ಹತ್ತು–ಹನ್ನೆರಡು ಬಂದರೆ ಬೇಜಾರು ಬೇಡ. ಮೂವತ್ತು ದಾಟಿದ ಮೇಲೆ ನಿಧಾನದ ಹಾಡಿಗೆ ಕೈ ಹಾಕಬಹುದು. ಅರವತ್ತಾದರೆ ಆ ಜೋಡಿ ಮುಗಿಯಿತು, ಮುಂದಿನ ಜೋಡಿ ಹಿಡಿಯಿರಿ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ದಿನವೂ ಆಗಬೇಕು ಅಷ್ಟೇ. ಭಾನುವಾರ ಎರಡೂವರೆ ತಾಸು ಕೂತು ಉಳಿದ ದಿನ ಮುಟ್ಟದಿದ್ದರೆ ಚರ್ಮವೂ ಗಟ್ಟಿಯಾಗುವುದಿಲ್ಲ, ಕೈಗೂ ನೆನಪುಳಿಯುವುದಿಲ್ಲ. ಏಪ್ರಿಲ್, ಮೇನಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಇರುತ್ತವೆ. ನೌಕರರಿಗೆ ಆ ಎರಡು ತಿಂಗಳು ಒಳ್ಳೆಯ ಅವಕಾಶ. ಆದರೆ ಮನೆಗೆ ಬಂದ ಕೂಡಲೇ ಬೆವರಿನ ಕೈಯಲ್ಲಿ ಗಿಟಾರ್ ಮುಟ್ಟಬೇಡಿ, ಬಿಸಿಲು ಇಳಿಯಲಿ.

7. ಬಲಗೈ: ತಾಳ ನಿಮಗೆ ಗೊತ್ತಿದೆ

ಸ್ಟ್ರಮ್ಮಿಂಗ್ ಅಂದರೆ ತಂತಿಗಳನ್ನು ಮೇಲೆ ಕೆಳಗೆ ಬಾರಿಸುವುದು. ವಿಡಿಯೊಗಳಲ್ಲಿ ಇದನ್ನು ಬಾಣದ ಗುರುತುಗಳಲ್ಲಿ ತೋರಿಸುತ್ತಾರೆ, ನೋಡಿದರೆ ಗಾಬರಿಯಾಗುತ್ತದೆ. ಆದರೆ ಭಜನೆ ಕೇಳಿ ಬೆಳೆದವರ ಕಿವಿಯಲ್ಲಿ ಕೆಹರ್ವಾ ಮೊದಲೇ ಕೂತಿದೆ. ಎಂಟು ಮಾತ್ರೆಯ ತಾಳ: ಧಾ ಗೆ ನಾ ತಿ ನ ಕ ಧಿ ನ.

ಕೈ ಎಂಟೂ ಮಾತ್ರೆಗೆ ತೊಟ್ಟಿಲು ತೂಗಿದಂತೆ ಆಡುತ್ತಿರಲಿ: ಬೆಸ ಮಾತ್ರೆಗೆ ಕೆಳಗೆ, ಸಮ ಮಾತ್ರೆಗೆ ಮೇಲೆ. ಎರಡನೇ ಮತ್ತು ಐದನೇ ಮಾತ್ರೆಯಲ್ಲಿ ಮಾತ್ರ ತಂತಿಗೆ ತಾಗಿಸಬೇಡಿ, ಕೈ ಗಾಳಿಯಲ್ಲಿ ಹೋಗಲಿ. ಉಳಿದ ಆರಕ್ಕೆ ತಾಗಲಿ. ನೂರಾರು ಹಾಡುಗಳಿಗೆ ಹೊಂದುವ ಪಟ್ಟು ಇದೊಂದೇ.

ಕಾರ್ಡ್ ಬದಲಿಸುವಾಗ ಬಲಗೈ ನಿಂತುಬಿಡುವುದು ಇಲ್ಲಿನ ದೊಡ್ಡ ತಪ್ಪು. ಎಡಗೈ ತಡವಾದರೆ ಆಗಲಿ, ಖಾಲಿ ತಂತಿಯೇ ಬಾರಿಸಲಿ. ಬಲಗೈ ನಿಲ್ಲಬಾರದು.

8. ವಾರಕ್ಕೊಮ್ಮೆ ರೆಕಾರ್ಡ್ ಮಾಡುವುದು

ನುಡಿಸುವಾಗ ನಿಮ್ಮ ಗಮನವೆಲ್ಲ ಬೆರಳಿನ ಮೇಲಿರುತ್ತದೆ, ಕಿವಿ ಅರ್ಧ ಮುಚ್ಚಿರುತ್ತದೆ. ಹಾಗಾಗಿ ವಾರಕ್ಕೊಮ್ಮೆ ಎರಡು ನಿಮಿಷ ಮೊಬೈಲ್‌ನಲ್ಲಿ ವಿಡಿಯೊ ಮಾಡಿ. ಶಹಾಬಾದ್ ಕಲ್ಲು ಹಾಸಿದ ಖಾಲಿ ಪಡಸಾಲೆಯಲ್ಲಿ ಬೇಡ. ಅಲ್ಲಿ ನಾದ ತುಂಬಿ ಬಂದು ತಪ್ಪುಗಳು ಮುಚ್ಚಿಹೋಗುತ್ತವೆ. ಹಾಸಿಗೆ, ಬಟ್ಟೆ ಇರುವ ಕೋಣೆಯಲ್ಲಿ ಮಾಡಿ.

ಕೂಡಲೇ ನೋಡಬೇಡಿ. ಮರುದಿನ, ಬೇರೆ ಯಾರದೋ ಅನ್ನುವಂತೆ ನೋಡಿ. ಮೊದಲ ಸಲ ಕಣ್ಣು ಮುಚ್ಚಿ ತಾಳ ಮಾತ್ರ ಕೇಳಿ. ಎರಡನೇ ಸಲ ಸದ್ದು ತೆಗೆದು ಕೈ ಮಾತ್ರ ನೋಡಿ. ಒಂದೇ ಒಂದು ತಪ್ಪು ಆರಿಸಿ, ಮುಂದಿನ ವಾರವೆಲ್ಲ ಅದನ್ನೇ ತಿದ್ದಿ. ಹತ್ತು ತಪ್ಪು ಒಟ್ಟಿಗೆ ತಿದ್ದಲು ಹೊರಟರೆ ಒಂದೂ ಹೋಗುವುದಿಲ್ಲ. ಪರಿಚಯದಲ್ಲಿ ನುಡಿಸುವವರು ಯಾರಾದರೂ ಇದ್ದರೆ ತಿಂಗಳಿಗೊಮ್ಮೆ ಅರ್ಧ ತಾಸು ಎದುರು ಕೂತು ತೋರಿಸಿ. ಸಂಕೋಚ ಬೇಡ.

9. ನಮ್ಮ ಬಿಸಿಲಿನಿಂದ ಕಾಪಾಡುವುದು

ಬಿಸಿಲು 42–43 ಡಿಗ್ರಿ ಮುಟ್ಟುವ ಊರು ನಮ್ಮದು. ಬೇಸಿಗೆಯ ಒಣ ಗಾಳಿಗೆ ಮರ ಕುಗ್ಗುತ್ತದೆ, ಫ್ರೆಟ್‌ಗಳ ತುದಿ ಹೊರಗೆ ಬಂದು ಕೈಗೆ ಚುಚ್ಚುತ್ತವೆ, ಜಾಸ್ತಿಯಾದರೆ ಮುಂಭಾಗ ಸೀಳುತ್ತದೆ. ತಗಡಿನ ಸೂರಿನ ಕೋಣೆ, ನಿಂತ ಕಾರು, ಬಿಸಿಲು ತಾಗುವ ಗೋಡೆ, ಈ ಮೂರೂ ಕಡೆ ಇಡಲೇಬೇಡಿ. ಕಾದ ಕಾರಿನಲ್ಲಿ ಅಂಟು ಮೆತ್ತಗಾಗಿ ಬ್ರಿಜ್ (ಹೊಟ್ಟೆಯ ಮೇಲೆ ತಂತಿಗಳನ್ನು ಹಿಡಿದಿಡುವ ಮರದ ತುಂಡು) ಎದ್ದು ಬರಬಹುದು. ಕೂಲರ್ ಎದುರು ಇಟ್ಟರೆ ಇನ್ನೊಂದು ತೊಂದರೆ: ತೇವದ ಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ, ಮರ ಉಬ್ಬುತ್ತದೆ.

ಒಳಕೋಣೆಯಲ್ಲಿ, ಚೀಲದೊಳಗೆ ಇಡಿ. ತೂತಿರುವ ಸೋಪಿನ ಡಬ್ಬಿಯಲ್ಲಿ ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜು ಹಾಕಿ ಅದನ್ನೂ ಚೀಲದಲ್ಲಿಡಿ. ನೀರು ತೊಟ್ಟಿಕ್ಕಬಾರದು. ಮಳೆ ಬಿದ್ದ ಮೇಲೆ ಸ್ಪಂಜು ತೆಗೆಯಿರಿ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿಗಳನ್ನು ಒರೆಸುವುದು ಎಲ್ಲ ಕಾಲಕ್ಕೂ.

10. ಮೂರನೇ ತಿಂಗಳು: ಹಾರ್ಮೋನಿಯಂ ಪಕ್ಕದಲ್ಲಿ ಕೂರುವುದು

ನಮ್ಮ ಕಡೆ ಪ್ರತಿ ಓಣಿಯಲ್ಲೂ ಭಜನೆ ಇದೆ, ತತ್ವಪದ ಹಾಡುವವರಿದ್ದಾರೆ. ನಿಮ್ಮ ಗಿಟಾರ್ ಅಲ್ಲಿಗೆ ಹೋಗಲಿ ಅನ್ನುವುದು ನನ್ನ ಆಸೆ. ಆದರೆ ಅಲ್ಲಿ ಯಾರೂ "ಎ ಸ್ಕೇಲ್" ಅನ್ನುವುದಿಲ್ಲ. "ಕರಿ ಒಂದು", "ಬಿಳಿ ಒಂದು" ಅನ್ನುತ್ತಾರೆ, ಅಂದರೆ ಹಾರ್ಮೋನಿಯಂನ ಎಷ್ಟನೇ ಕರಿ ಅಥವಾ ಬಿಳಿ ಮನೆ ಸ ಆಗಿದೆಯೋ ಅದರ ಹೆಸರು. ಆನ್‌ಲೈನ್ ಪಾಠಗಳಲ್ಲಿ ಇದು ಸಿಗುವುದು ಅಪರೂಪ, ಆದ್ದರಿಂದ ಇಲ್ಲಿ ಬಿಡಿಸಿ ಹೇಳುತ್ತೇನೆ.

ಸರಳ ಹಾಡಿಗೆ ಮೂರು ಕಾರ್ಡ್ ಬೇಕು: ಸ ಸ್ವರದ ಮೇಲೆ ಕಟ್ಟಿದ್ದು, ಮ ಮೇಲೆ ಕಟ್ಟಿದ್ದು, ಪ ಮೇಲೆ ಕಟ್ಟಿದ್ದು. ಎ ಅನ್ನು ಸ ಅಂದುಕೊಂಡರೆ ಡಿ ಮಧ್ಯಮ, ಇ ಪಂಚಮ. ಡಿ ಅನ್ನು ಸ ಅಂದುಕೊಂಡರೆ ಜಿ ಮಧ್ಯಮ, ಎ ಪಂಚಮ. ಜಿ ಸ ಆದರೆ ಸಿ ಮತ್ತು ಡಿ. ಈ ಮೂರು ಮನೆತನ ಕೈಯಲ್ಲಿದ್ದರೆ ಕ್ಯಾಪೊ ಹಾಕಿ ಯಾವ ಶ್ರುತಿಗೂ ಹೋಗಬಹುದು:

ಬಿಳಿ ಒಂದಕ್ಕೆ ಕ್ಯಾಪೊ 3ನೇ ಫ್ರೆಟ್‌ಗೆ, ಎ ಮನೆತನ.
ಕರಿ ಒಂದಕ್ಕೆ ಕ್ಯಾಪೊ 4ಕ್ಕೆ, ಎ ಮನೆತನ.
ಕರಿ ಎರಡಕ್ಕೆ ಕ್ಯಾಪೊ 1ಕ್ಕೆ, ಡಿ ಮನೆತನ.
ಕರಿ ಮೂರಕ್ಕೆ ಕ್ಯಾಪೊ 4ಕ್ಕೆ, ಡಿ ಮನೆತನ.
ಕರಿ ನಾಲ್ಕಕ್ಕೆ ಕ್ಯಾಪೊ 1ಕ್ಕೆ, ಜಿ ಮನೆತನ.
ಕರಿ ಐದಕ್ಕೆ ಕ್ಯಾಪೊ 1ಕ್ಕೆ, ಎ ಮನೆತನ.

ಶುದ್ಧ ಸ್ವರಗಳ ಹಾಡಿನಿಂದ ಶುರು ಮಾಡಿ. ಭೂಪ್‌ನಂಥ ರಾಗದ ಛಾಯೆ ಇರುವ ಪದಗಳಿಗೆ ಈ ಮೂರು ಕಾರ್ಡ್ ಚೆನ್ನಾಗಿ ಹೊಂದುತ್ತವೆ. ಕೋಮಲ ಸ್ವರಗಳು ಜಾಸ್ತಿ ಬರುವ ಪದಗಳಿಗೆ ಇವನ್ನು ಬಲವಂತವಾಗಿ ಕೂರಿಸಬೇಡಿ. ಅಲ್ಲಿ ಸ ತಂತಿಯೊಂದನ್ನೇ ಏಕತಾರಿಯಂತೆ ಮೀಟುತ್ತಿದ್ದರೆ ಹಾಡುವವರಿಗೆ ಎಷ್ಟೋ ಹಿತ.

ಹಾಡಿನ ಸ್ವರವನ್ನೂ ಹುಡುಕಬೇಕು ಅನ್ನುವವರಿಗೆ, ಕ್ಯಾಪೊ ಇಲ್ಲದೆ ಸಿ ಅನ್ನು ಸ ಮಾಡಿಕೊಂಡರೆ ಸಪ್ತಕ ಹೀಗೆ: ಐದನೇ ತಂತಿ 3ನೇ ಫ್ರೆಟ್ ಸ, ನಾಲ್ಕನೇ ತಂತಿ ಖಾಲಿ ರಿ, ಅದರದೇ 2 ಗ, 3 ಮ. ಮೂರನೇ ತಂತಿ ಖಾಲಿ ಪ, ಅದರ 2 ಧ. ಎರಡನೇ ತಂತಿ ಖಾಲಿ ನಿ, ಅದರ 1 ಮೇಲಿನ ಸ. ಎಲ್ಲವೂ ಶುದ್ಧ ಸ್ವರಗಳೇ.

ಕೊನೆಯದಾಗಿ ಒಂದು ಎಚ್ಚರಿಕೆ. ಗುಡಿಗಳಲ್ಲಿರುವ ಹಳೆಯ ಹಾರ್ಮೋನಿಯಂಗಳು ಮೊಬೈಲ್ ಟ್ಯೂನರ್‌ಗೆ ಸರಿಯಾಗಿ ಹೊಂದುವುದಿಲ್ಲ, ಕೂದಲೆಳೆಯಷ್ಟು ಮೇಲೋ ಕೆಳಗೋ ಇರುತ್ತವೆ. ಅವರು ತಮ್ಮ ಪೆಟ್ಟಿಗೆಯನ್ನು ಅಲ್ಲಿ ಕೂತು ಬದಲಿಸಲಾರರು, ನೀವು ತಂತಿ ಬದಲಿಸಬಹುದು. ಭಜನೆಗೆ ಕಾಲು ತಾಸು ಮುಂಚೆ ಹೋಗಿ. ಹಾರ್ಮೋನಿಯಂ ನುಡಿಸುವ ಕಾಕಾ ಅವರನ್ನು "ಬಿಳಿ ಆರು ಒಂದ್ಸಲ ಹಿಡೀರಿ" ಅಂತ ಕೇಳಿ. ಅದು ಎ ಸ್ವರ. ಐದನೇ ತಂತಿಯನ್ನು ಕಿವಿಯಿಂದ ಅದಕ್ಕೆ ಕೂಡಿಸಿ. ಎರಡು ನಾದಗಳ ನಡುವಿನ ವಂವ್ ವಂವ್ ಅನ್ನುವ ಅಲೆ ನಿಧಾನವಾಗುತ್ತಾ ಬಂದು ನಿಂತಾಗ ತಿರುಪು ಬಿಡಿ. ಉಳಿದ ಐದು ತಂತಿಗಳನ್ನೂ ಹೀಗೇ ಅವರ ಪೆಟ್ಟಿಗೆಗೆ ಕೂಡಿಸಿ. ಕ್ಯಾಪೊ ಹಾಕಿದ ಮೇಲೆ ಇನ್ನೊಮ್ಮೆ ಕೇಳಿ ನೋಡಿ, ಅದು ತಂತಿಯನ್ನು ಸ್ವಲ್ಪ ಎಳೆದಿರುತ್ತದೆ.